ತೂಕದ ಚೀಟಿ

ನಮ್ಮ ಫ್ರೀಸ್‌ಲಾಂಡಿನಲ್ಲಿ ಎತ್ತರವೆಂದರೆ ಕಡಲ ಏರಿಯೊಂದೇ,
ಅದರ ಮೇಲೂ ಕುರಿ ಮೇಯುತ್ತವೆ.
ಇಂಥಲ್ಲಿ ಹೋಗಿ, ಬೆಟ್ಟ ಹತ್ತುವ ಕಾರು ಕೊಡಪ್ಪಾ ಅಂದರೆ
ನಗದೆ ಇನ್ನೇನು ಮಾಡಿಯಾನು ಸೀಬ್ರೆನ್?

ಕ್ಯಾರವಾನ್ ನನ್ನದಲ್ಲ. ಹಿಲ್ಚೆಯ ಜೊತೆ ಬಂದದ್ದು:
ಫರ್ದಾವ್, ವಿಟ್ಸೆ, ಒಂದು ಹೊಲಿಗೆ ಯಂತ್ರ,
ತೀರಿಹೋದ ಔಕೆ ಕೊಂಡಿದ್ದ
ಮೂಲೆ ಜಜ್ಜಿದ ಈ ಕೆನೆಬಣ್ಣದ ಗಾಲಿಮನೆ.
ನನ್ನ ಕಡೆಯಿಂದ ಏಳು ವರ್ಷದ ಯೆಲ್ಲೆ,
ಮತ್ತು ಜನ್ಮದಲ್ಲಿ ಏನನ್ನೂ ಎಳೆದರಿಯದ
ಪುಟ್ಟ ನೀಲಿ ಕಾರು.

ಮೂರು ಮಕ್ಕಳು ಹಿಂದೆ, ಒಬ್ಬರ ಮೊಣಕೈ ಒಬ್ಬರಿಗೆ ತಾಗದಂತೆ.
ಅದು ಮೊದಲ ಷರತ್ತು.
ಟೇಪು ಹಿಡಿದು ಎಂಟು ಕಾರು ಅಳೆದೆ.
ಗಂಡಿನ ಮನೆ ನೋಡಹೋದ ಹೆಣ್ಣಿನ ಸೋದರಮಾವನ ಹಾಗೆ
ಬಾಗಿಲು ತೆರೆದೆ, ಮುಚ್ಚಿದೆ, ಬಗ್ಗಿ ಅಡಿಯಲ್ಲಿ ಇಣುಕಿದೆ.
ಬ್ಯಾಟರಿಯದು ಬಲು ಚೆಂದ,
ಬೆನ್ನಿಗೆ ಮನೆ ಕಟ್ಟಿದರೆ ಅರ್ಧ ದಾರಿಗೇ ಏದುಸಿರು.
ಎತ್ತರದ ಜೀಪಿನಲ್ಲಿ ಐದನೆಯ ಸೀಟು ಹೆಸರಿಗೆ ಮಾತ್ರ,
ಕೂತವನ ಮೊಣಕಾಲು ಗದ್ದಕ್ಕೆ.
ಕಡೆಗೆ ಒಂದು ಬೂದು ಬಣ್ಣದ್ದು ಮನಸ್ಸಿಗೆ ಬಂತು.
ಮೂರೇ ವರ್ಷ ಓಡಿದ್ದು, ಸಾಧು.
ಎಳೆಯುವ ಮಿತಿ ಸಾವಿರದ ಮುನ್ನೂರು ಕಿಲೋ.

'ತೂಗಿಸಿ ಬಾ' ಅಂದ ಸೀಬ್ರೆನ್, 'ಫಲಕವನ್ನು ನಂಬಬೇಡ.
ಎಳೆಯುವುದಕ್ಕಿಂತ ಎಳೆಸಿಕೊಳ್ಳುವುದು ಭಾರವಾದರೆ
ಇಳಿಜಾರಲ್ಲಿ ಗಾಡಿಯೇ ಎತ್ತನ್ನು ದಬ್ಬುತ್ತದೆ.'

ಪಕ್ಕದ ಮನೆಯ ಟ್ರ್ಯಾಕ್ಟರಿಗೆ ಕಟ್ಟಿ
ಆಲೂಗೆಡ್ಡೆ ಲಾರಿಗಳ ಸಾಲಿನಲ್ಲಿ ನಿಂತು ತೂಗಿಸಿದೆ.
ಫಲಕದಲ್ಲಿ ಸಾವಿರದ ಇನ್ನೂರ ನಲವತ್ತು,
ಚೀಟಿಯಲ್ಲಿ ಸಾವಿರದ ಮುನ್ನೂರ ಐವತ್ತು.
ಗ್ಯಾಸು, ಡೇರೆ, ಎರಡು ಕುರ್ಚಿ ಕಳೆದರೂ
ಎಂಬತ್ತು ಕಿಲೋ ಯಾರದು?

ಮಂಚದ ಹಲಗೆ ಎತ್ತಿದೆ. ಕಲ್ಲು.
ಮುಷ್ಟಿಯಷ್ಟು, ಬ್ರೆಡ್ಡಿನಷ್ಟು, ಒಂದು ತಲೆದಿಂಬಿನಷ್ಟು.
ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಔಕೆಯ ಕೈಬರಹ:
ಬೋರ್ನ್‌ಹೋಮ್, ಫರ್ದಾವ್‌ಳ ಹಲ್ಲು ಬಿದ್ದ ದಿನ.
ಮೋಸೆಲ್ ದಡ, ಇಡೀ ವಾರ ಮಳೆ.
ಒಂದರ ಮೇಲೆ ಏನೂ ಇಲ್ಲ, ಬರೆಯಹೊರಟ ಒಂದು ಚುಕ್ಕೆ.

'ಇಳಿಸಿದರಾಯ್ತು ಬಿಡು' ಅಂದಳು ಹಿಲ್ಚೆ,
ಪಾತ್ರೆಯಿಂದ ಕಣ್ಣೆತ್ತದೆ.
ಫರ್ದಾವ್ ಬಾಗಿಲಲ್ಲಿ ನಿಂತಿದ್ದಳು, ಹನ್ನೊಂದು ವರ್ಷ,
ಏನೂ ಅನ್ನಲಿಲ್ಲ.
ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಅನ್ನುತ್ತಾರೆ.
ನನ್ನದು ಯಾವುದೆಂದು ರಾತ್ರಿಯೆಲ್ಲಾ ಲೆಕ್ಕ ಹಾಕಿದೆ.

ಬೆಳಿಗ್ಗೆ ಯೆಲ್ಲೆ ಕೇಳಿದ:
'ಅಪ್ಪಾ, ನನ್ನ ಕಲ್ಲು ಯಾವ ಕಡೆ ಇಡಲಿ?'
ಅವನ ಹತ್ತಿರ ಆಗ ಒಂದು ಕಲ್ಲೂ ಇರಲಿಲ್ಲ.

ಬೂದು ಕಾರು ಬಿಟ್ಟೆ.
ಸೀಬ್ರೆನ್‌ನ ಹಿತ್ತಲಲ್ಲಿ ಒಂದು ಹಳೇ ಡೀಸೆಲ್ಲಿತ್ತು,
ಸಗಣಿ ಬಣ್ಣ, ಒಂಬತ್ತು ವರ್ಷ, ಎಮ್ಮೆಯ ಸೊಂಟ,
ಎರಡು ಸಾವಿರ ಕಿಲೋ ಎಳೆದೀತು.
ಕುಡಿಯುವುದು ಜಾಸ್ತಿ ಅಂದ. ಕುಡಿಯಲಿ ಅಂದೆ.
ಇಷ್ಟು ದೊಡ್ಡದು ಯಾಕೆಂದು ಕೇಳಿದ್ದಕ್ಕೆ
ಉತ್ತರ ಗಂಟಲವರೆಗೆ ಬಂದು ನಿಂತಿತು.

ಭಾರವನ್ನು ಅಚ್ಚಿನ ಮೇಲಿಡಬೇಕಂತೆ, ತಳದಲ್ಲಿಡಬೇಕಂತೆ.
ಒಂದೊಂದೇ ಓದುತ್ತಾ ಜರುಗಿಸಿದೆ.
ಬಚ್ಚಲ ತೂಕದ ಯಂತ್ರ, ಪೊರಕೆಯ ಕೋಲು,
ಅದರ ಮೇಲೆ ಕ್ಯಾರವಾನಿನ ಮೂಗು:
ಎಪ್ಪತ್ತೆರಡು. ವಿಟ್ಸೆ ಓದಿದ, ಎರಡು ಸಲ.

ಆರ್ಡೆನ್ ಬೆಟ್ಟಗಳ ಮೊದಲ ಏರು.
ಹಿಂದೆ ಲಾರಿಯೊಂದು ಹಾರ್ನು ಹೊಡೆಯುತ್ತಿದೆ,
ಕನ್ನಡಿಯಲ್ಲಿ ಕೆನೆಬಣ್ಣದ ಗೋಡೆ ಬಿಟ್ಟರೆ ಏನೂ ಕಾಣದು.
ನಡುವಿನ ಸೀಟಿನಲ್ಲಿ ಯೆಲ್ಲೆ, ಬಾಯಿ ತೆರೆದು ನಿದ್ದೆ.
ಕೈ ಗೇರಿನತ್ತ ಹೋಗುತ್ತಿದ್ದಂತೆ ಹಿಂದಿನಿಂದ ಫರ್ದಾವ್:
'ಮೂರನೆಯದು ಬೇಡ.
ಅಪ್ಪ ಇಲ್ಲಿ ಎರಡರಲ್ಲೇ ಹೋಗ್ತಿದ್ದ.'

ಎರಡರಲ್ಲೇ ಹೋದೆ.